ಮಿಲಿಮೀಟರಿಗೊಂದು ಟಿಪ್ಪರ್

ಒಂದು ರಸ್ತೆಗೆ ಎಷ್ಟು ಡಾಂಬರು ಬೇಕು? ಈ ಪ್ರಶ್ನೆಗೆ ಉತ್ತರ ಹೇಳಲು ನಮ್ಮಲ್ಲಿ ಒಬ್ಬ ಜೂನಿಯರ್ ಇಂಜಿನಿಯರು, ಅವರ ಮೇಲೊಬ್ಬರು, ಅವರ ಮೇಲೆ ಇನ್ನೊಬ್ಬರು, ಒಬ್ಬ ಕನ್ಸಲ್ಟೆಂಟು, ಒಬ್ಬ ಗುತ್ತಿಗೆದಾರ, ಥರ್ಡ್ ಪಾರ್ಟಿ ತಪಾಸಣೆಯವರು, ಮಳೆಗಾಲ ಮುಗಿದ ಮೇಲೆ ಒಂದು ತನಿಖಾ ಸಮಿತಿ, ಇಷ್ಟೂ ಬೇಕು. ಪ್ರಶ್ನೆ ಮಾತ್ರ ಏಳನೇ ತರಗತಿಯದು. ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿದರೆ ಗಾತ್ರ. ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. ಅಷ್ಟೇ. ಹತ್ತು ಅಂಕದ ಪ್ರಶ್ನೆಯೂ ಅಲ್ಲ, ಮೂರು ಅಂಕದ್ದು.

ಬನ್ನಿ, ಮಾಡಿಯೇ ಬಿಡೋಣ. ರಸ್ತೆ ಒಂದು ಕಿಲೋಮೀಟರ್ ಉದ್ದ, 7 ಮೀಟರ್ ಅಗಲ. ಮೇಲೆ 40 ಮಿ.ಮೀ. ದಪ್ಪದ ಬಿಟುಮಿನಸ್ ಕಾಂಕ್ರೀಟ್, ಕಚೇರಿಯವರ ಬಾಯಲ್ಲಿ 'ಬಿ.ಸಿ.'. ವಿಸ್ತೀರ್ಣ 7,000 ಚದರ ಮೀಟರ್, ಗಾತ್ರ 280 ಘನ ಮೀಟರ್. ರೋಲರ್ ಓಡಿ ಗಟ್ಟಿಯಾದ ಮಿಶ್ರಣ ಘನ ಮೀಟರಿಗೆ ಹೆಚ್ಚುಕಡಿಮೆ 2.35 ಟನ್ ತೂಗುತ್ತದೆ. ಒಟ್ಟು 658 ಟನ್. ಟಿಪ್ಪರಿಗೆ 16 ಟನ್ ಎಂದಿಟ್ಟುಕೊಂಡರೆ 41 ಲೋಡು. ಇದರಲ್ಲಿ ನಿಜವಾದ ಬಿಟುಮೆನ್, ಅಂದರೆ ಕರಗಿ ಅಂಟುವ ಕಪ್ಪು ಪದಾರ್ಥ, ಕೇಂದ್ರ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಯ ಪ್ರಕಾರ ತೂಕದಲ್ಲಿ ಕನಿಷ್ಠ 5.4%, ಲೆಕ್ಕಕ್ಕೆ ಮೂವತ್ತೈದೂವರೆ ಟನ್. ಮಿಕ್ಕಿದ್ದೆಲ್ಲ ಜಲ್ಲಿ ಮತ್ತು ಜಲ್ಲಿಪುಡಿ. ಅಪ್ಪಟ ಕಪ್ಪಾಗಿ ಕಾಣುವ ರಸ್ತೆಯ ಮೈಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲಿಗೂ ಹೆಚ್ಚು ಕಲ್ಲೇ ಇರುತ್ತದೆ ಎಂಬುದು ತೆರಿಗೆ ಕಟ್ಟುವವರಿಗೆ ಗೊತ್ತಾಗುವುದು ಮೊದಲ ಮಳೆ ಬಿದ್ದ ಮೇಲೆ.

ಈಗ ಅದೇ ರಸ್ತೆಯಲ್ಲಿ ಬರೀ ಒಂದು ಮಿಲಿಮೀಟರನ್ನು ಬೇರೆ ಮಾಡಿ ತೂಗೋಣ. 7,000 ಚದರ ಮೀಟರಿಗೆ ಒಂದು ಮಿ.ಮೀ. ಎಂದರೆ 7 ಘನ ಮೀಟರ್. ತೂಕ 16 ಟನ್ ಚಿಲ್ಲರೆ. ಅಂದರೆ ಹೆಚ್ಚುಕಡಿಮೆ ಒಂದು ಟಿಪ್ಪರ್. ಏಳು ಮೀಟರ್ ಅಗಲದ ಕಿಲೋಮೀಟರ್ ರಸ್ತೆಯಲ್ಲಿ ಮಿಲಿಮೀಟರಿಗೊಂದು ಟಿಪ್ಪರ್! ಪಂಚಾಂಗಕ್ಕೆ ಸೇರಿಸಬೇಕಾದ ಸೂತ್ರವಿದು. ಮಿಲಿಮೀಟರನ್ನು ಬರಿಗಣ್ಣಿನಿಂದ ಅಳೆಯುವ ಮನುಷ್ಯ ಇನ್ನೂ ಹುಟ್ಟಿಲ್ಲ, ಟಿಪ್ಪರನ್ನು ಜೇಬಿನಲ್ಲಿ ಬಚ್ಚಿಡುವ ಮನುಷ್ಯನೂ ಹುಟ್ಟಿಲ್ಲ. ಆದರೆ ಟಿಪ್ಪರನ್ನು ಮೊದಲು ಮಿಲಿಮೀಟರ್ ಮಾಡಿಕೊಂಡು ಆಮೇಲೆ ಬಚ್ಚಿಡಬಲ್ಲವರು ಮಾತ್ರ ವಾರ್ಡಿಗೆ ನಾಲ್ಕು ಜನರಾದರೂ ಸಿಗುತ್ತಾರೆ.

ಬೆಂಗಳೂರಿನ ಒಟ್ಟು ರಸ್ತೆ ಸುಮಾರು 13,000 ಕಿಲೋಮೀಟರ್ ಎನ್ನುತ್ತಾರೆ. ಕೆಲವು ಏಳು ಮೀಟರಿಗಿಂತ ಅಗಲ, ಬಹಳಷ್ಟು ಕಿರಿದು. ಸರಾಸರಿಯ ತಂಟೆ ಬೇಡ, ಎಲ್ಲವೂ ಏಳೇ ಎಂದುಕೊಳ್ಳಿ. ಊರಿಗೆಲ್ಲ ಒಮ್ಮೆ ಡಾಂಬರು ಬಳಿಯುವಾಗ ಒಂದೇ ಒಂದು ಮಿಲಿಮೀಟರ್ ಕೈತಪ್ಪಿದರೆ 13,000 ಟಿಪ್ಪರ್. ಒಂದರ ಹಿಂದೊಂದು ನಿಲ್ಲಿಸಿದರೆ ತುಮಕೂರು ದಾಟುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ಈ ಸಾಲನ್ನು ಐದು ಕಡೆ ನಿಲ್ಲಿಸುವ ಅನುಕೂಲವಾಗಿದೆ. ಟ್ರಾಫಿಕ್ ಜಾಮ್ ಕಡಿಮೆ.

ಇಷ್ಟು ಸುಲಭದ ಲೆಕ್ಕ ಕಚೇರಿಯಲ್ಲಿ ಅಷ್ಟು ಕಷ್ಟವಾಗುವುದೇಕೆ? ಏಕೆಂದರೆ ಅಲ್ಲಿ ಲೆಕ್ಕವನ್ನು ಉತ್ತರದಿಂದ ಶುರುಮಾಡುತ್ತಾರೆ. ಮೊದಲು ಅನುದಾನ ಎಷ್ಟೆಂದು ಗೊತ್ತಾಗುತ್ತದೆ. ಅದಕ್ಕೆ ಶಾಸಕರ ಪತ್ರವೊಂದು ಬರುತ್ತದೆ, ಪತ್ರದಲ್ಲಿ ಇಂತಿಂಥ ಅಡ್ಡರಸ್ತೆಗಳು ಎಂದಿರುತ್ತದೆ. ಇಷ್ಟು ದುಡ್ಡು, ಇಷ್ಟು ಉದ್ದ ಎರಡೂ ಮೇಲಿನಿಂದ ಇಳಿದು ಬಂದ ಮೇಲೆ ಇಂಜಿನಿಯರಿನ ಕೈಯಲ್ಲಿ ಉಳಿಯುವುದು ದಪ್ಪ ಒಂದೇ. ಹಿಂದಿನಿಂದ ಭಾಗಿಸುತ್ತ ಬಂದರೆ ದಪ್ಪ 22.6 ಮಿ.ಮೀ. ಎಂದು ಬರುತ್ತದೆ. ಹಾಗೆಂದು ಎಸ್ಟಿಮೇಟಿನಲ್ಲಿ ಬರೆಯಲಾಗದು, ಪಾಪ. ಆದ್ದರಿಂದ ಎಸ್ಟಿಮೇಟಿನಲ್ಲಿ 40 ಎಂದು ಬರೆದು, 22.6ರ ಕಡತವನ್ನು ಯಾರದೋ ಮನಸ್ಸಿನಲ್ಲಿ ತೆರೆಯುತ್ತಾರೆ. ಎರಡೂ ದಾಖಲೆಗಳು ಊರ್ಜಿತ. ಒಂದಕ್ಕೆ ಬಿಲ್ಲು, ಇನ್ನೊಂದಕ್ಕೆ ರಸ್ತೆ.

ಪರ್ಸೆಂಟೇಜಿನ ಮಾತು ಬಂದೇ ಬರುತ್ತದೆ, ತಪ್ಪಿಸಿಕೊಳ್ಳುವುದು ಬೇಡ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿ ಮೊತ್ತದಲ್ಲಿ 40%ರವರೆಗೆ ಕಮಿಷನ್ ಕೇಳುತ್ತಾರೆ ಎಂದು ದೂರಿತು. ಅದು ಆರೋಪ. ಆಮೇಲೆ ಸರ್ಕಾರ ಬದಲಾಯಿತು, ಪರ್ಸೆಂಟೇಜಿನ ಜಗಳ ಬದಲಾಗಲಿಲ್ಲ. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ನೋಡಿಕೊಳ್ಳಲಿ, ಗಣಿತ ಮಾಡಲು ಯಾರ ಅಪ್ಪಣೆಯೂ ಬೇಡ. ನಲವತ್ತು ಮಿಲಿಮೀಟರಿನಲ್ಲಿ ನಲವತ್ತು ಶೇಕಡಾ ಎಂದರೆ 16 ಮಿ.ಮೀ., ಅಂದರೆ 16 ಟಿಪ್ಪರ್. ಉಳಿದದ್ದು 24 ಮಿ.ಮೀ. 40 ಮಿ.ಮೀ. ದಪ್ಪದ ಬಿ.ಸಿ.ಯಲ್ಲಿ ಹಾಕುವ ಜಲ್ಲಿಯ ಗಾತ್ರವೇ 13.2 ಮಿ.ಮೀ. ಎರಡು ಕಲ್ಲು ಒಂದರ ಮೇಲೊಂದು ಕೂತರೆ 26.4. ರಸ್ತೆಯೊಳಗೆ ಎರಡು ಕಲ್ಲಿಗೆ ಜಾಗವಿಲ್ಲ! ಒಂದು ಕೂತರೆ ಇನ್ನೊಂದು ಎದ್ದು ನಿಲ್ಲಬೇಕು. ಅದು ಎದ್ದು, ರಸ್ತೆಬದಿಗೆ ಉರುಳಿ, ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಯಾರದೋ ಮೊಣಕಾಲಿಗೆ ಬೀಳುತ್ತದೆ. ನಿರ್ದಿಷ್ಟತೆ ಬರೆದವರು ಈ ಪದರ 30ರಿಂದ 40 ಮಿ.ಮೀ. ಇರಲೇಬೇಕು ಎಂದದ್ದು ಕಲ್ಲಿನ ಸಂಸಾರ ನೋಡಿ, ನಮ್ಮ ಸಂಸಾರ ನೋಡಿ ಅಲ್ಲ.

ಕಲ್ಲಿನ ವಿಷಯದಲ್ಲಿ ಹಳಬರು ಕಟ್ಟುನಿಟ್ಟು. ಸ್ಕಾಟ್ಲೆಂಡಿನ ಜಾನ್ ಲೌಡನ್ ಮ್ಯಾಕಾಡಮ್, ಜಲ್ಲಿ ರಸ್ತೆಗೆ ಹೆಸರು ಕೊಟ್ಟವನು, ರಸ್ತೆಗೆ ಹಾಕುವ ಯಾವ ಕಲ್ಲೂ ಆರು ಔನ್ಸ್ ಮೀರಬಾರದೆಂದಿದ್ದ. ಇಂದಿನ ಲೆಕ್ಕದಲ್ಲಿ 170 ಗ್ರಾಂ. ಕಲ್ಲು ಒಡೆಯುವವರ ಹತ್ತಿರ ತಕ್ಕಡಿ ಇರದಿದ್ದರೆ ಬಾಯಿಗೆ ಹಾಕಿ ನೋಡಲಿ, ಬಾಯಿಗೆ ಹಿಡಿಸಿದರೆ ಸರಿ ಎಂಬ ಕತೆಯೂ ಅವನ ಹೆಸರಿನಲ್ಲಿದೆ. ಕತೆ ಕತೆಯೇ ಇರಬಹುದು. ಆದರೆ ಬಾಯಿ ಎಷ್ಟು ಹಿಡಿಸುತ್ತದೆ ಎಂಬುದೇ ರಸ್ತೆಯ ಮೂಲಮಾನ ಎನ್ನುವ ತತ್ವವನ್ನು ಇನ್ನೂರು ವರ್ಷ ಶ್ರದ್ಧೆಯಿಂದ ಪಾಲಿಸಿಕೊಂಡು ಬಂದ ದೇಶ ನಮ್ಮದೇ ಇರಬೇಕು.

ಇನ್ನು ಮಿಲಿಮೀಟರು ಕಳೆದುಹೋಗುವ ದಾರಿಗಳು. ಕಳ್ಳತನ ಎಂದರೆ ಮರ್ಯಾದಸ್ಥರಿಗೆ ಬೇಸರ, 'ಕಳೆದುಹೋಗುವುದು' ಎನ್ನೋಣ. ಅತ್ಯಂತ ಜನಪ್ರಿಯ ದಾರಿಗೆ 'ಲೂಸ್ ಥಿಕ್‌ನೆಸ್' ಎಂದು ಹೆಸರು. ಪೇವರ್ ಯಂತ್ರದಿಂದ ಬಿದ್ದ ಬಿಸಿ ಮಿಶ್ರಣ ಉಬ್ಬಿಕೊಂಡಿರುತ್ತದೆ. ರೋಲರ್ ಓಡಿದ ಮೇಲೆ 40 ಮಿ.ಮೀ. ಸಿಗಬೇಕಾದರೆ ಹರಡುವಾಗ 50 ಬೇಕು. ಕಂಬಿ ಚುಚ್ಚಿ ನೋಡುವ ಶಾಸ್ತ್ರವನ್ನು ರೋಲರ್ ಬರುವ ಮೊದಲೇ ಮುಗಿಸಿಬಿಟ್ಟರೆ ಕಂಬಿಯಲ್ಲಿ 40 ಕಾಣುತ್ತದೆ, ರಸ್ತೆಯಲ್ಲಿ 32 ಉಳಿಯುತ್ತದೆ. ಎಂಟು ಟಿಪ್ಪರ್, ಒಂದೇ ಒಂದು ಸುಳ್ಳನ್ನೂ ಹೇಳದೆ! ಕಂಬಿಯ ಫೋಟೋ ಕೂಡ ಇರುತ್ತದೆ, ಜಿಪಿಎಸ್ ಸಮೇತ.

ನಮ್ಮ ಕಡೆಯ ಒಂದು ಖಾಸಗಿ ಬಡಾವಣೆಯಲ್ಲಿ ನಿವಾಸಿಗಳೇ ದುಡ್ಡು ಹಾಕಿ ಡಾಂಬರು ಹಾಕಿಸಲು ಹೊರಟರು. ಸರ್ಕಾರ ಇಲ್ಲ, ಶಾಸಕರಿಲ್ಲ, ಪರ್ಸೆಂಟೇಜಿಲ್ಲ. ರಸ್ತೆ 500 ಅಡಿ ಉದ್ದ, 20 ಅಡಿ ಅಗಲ. ಗುತ್ತಿಗೆದಾರ ಸಂಘದ ಸಭೆಗೆ ಬಂದ, ಕಾಫಿ ಕುಡಿದ, "ಸ್ಕ್ವೇರ್ ಫೀಟ್ ರೇಟು ಸಾರ್, ಎರಡಿಂಚು ಹಾಕ್ಕೊಡ್ತೀವಿ" ಎಂದ. ಎಲ್ಲರೂ ರೇಟಿಗೆ ಜಗ್ಗಾಡಲು ಶುರುಮಾಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಗಣಿತದ ಮೇಡಂ ಒಬ್ಬರು ಕೇಳಿದರು: "ಎರಡಿಂಚು ರೋಲರ್ ಓಡೋಕ್ಕಿಂತ ಮುಂಚೆನೋ, ಓಡಿದ ಮೇಲೋ?"

ಸಭೆ ತಿರುಗಿ ನೋಡಿತು. ಗುತ್ತಿಗೆದಾರನೂ ತಿರುಗಿ ನೋಡಿದ, ಬೇರೆ ರೀತಿಯಲ್ಲಿ.

"ಓಡಿದ್ಮೇಲೆ ಸ್ವಲ್ಪ ಕೂತ್ಕೊಳ್ಳುತ್ತೆ ಮೇಡಂ. ನ್ಯಾಚುರಲ್ಲು."

"ಎಷ್ಟು ಕೂತ್ಕೊಳ್ಳುತ್ತೆ?"

"ಅದು... ಮಾಲಿನ ಮೇಲೆ."

ಮೇಡಂ ಹಾಲಿನ ಚೀಟಿಯ ಹಿಂದೆ ಲೆಕ್ಕ ಬರೆದರು. ಹತ್ತು ಸಾವಿರ ಚದರಡಿ ಎಂದರೆ 929 ಚದರ ಮೀಟರ್. ಗಟ್ಟಿಯಾದ ಎರಡಿಂಚು ಬೇಕೆಂದರೆ 111 ಟನ್, ಅಂದರೆ ಏಳು ಟಿಪ್ಪರ್. ಹರಡುವಾಗ ಎರಡಿಂಚು ಸಾಕೆಂದರೆ 89 ಟನ್, ಐದೂವರೆ ಟಿಪ್ಪರ್. "ನಿಮ್ಮ ನ್ಯಾಚುರಲ್ಲು ಇಪ್ಪತ್ತೆರಡು ಟನ್ ಆಗುತ್ತೆ" ಎಂದರು. "ಚದರಡಿ ಲೆಕ್ಕ ಬೇಡ, ಟನ್ ಲೆಕ್ಕದಲ್ಲಿ ಕೊಡಿ. ಪ್ರತಿ ಗಾಡಿಗೂ ವೇಬ್ರಿಡ್ಜ್ ಚೀಟಿ ತನ್ನಿ."

ಗುತ್ತಿಗೆದಾರ ಅಧ್ಯಕ್ಷರ ಕಡೆ ತಿರುಗಿ, ನೊಂದ ದನಿಯಲ್ಲಿ, "ನಂಬಿಕೆ ಇಲ್ದಿದ್ಮೇಲೆ ಹೆಂಗ್ ಸಾರ್ ಕೆಲ್ಸ ಮಾಡೋದು?" ಎಂದ. ಇಂಥ ಜಾಗದಲ್ಲಿ ನಮ್ಮ ಜನರ ಮನಸ್ಸು ಬೆಣ್ಣೆ. ಹತ್ತು ಜನ ಸೇರಿ ಮೇಡಂ ಅವರನ್ನೇ ಸಮಾಧಾನಪಡಿಸಿದರು. ಪಾಪ, ಅವನೂ ನಾಲ್ಕು ಕಾಸು ನೋಡಬೇಕಲ್ಲ, ನೀವು ತೀರಾ ಪರೀಕ್ಷೆ ಪೇಪರ್ ಥರ ನೋಡ್ತೀರಿ ಎಂದರು. ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಪೂಜೆ ಆಯಿತು, ನಿಂಬೆಹಣ್ಣಿನ ಮೇಲೆ ರೋಲರ್ ಹೋಯಿತು, ಗ್ರೂಪ್ ಫೋಟೋ ಆಯಿತು. ಮೇಡಂ ಮಾತ್ರ ಬಾಲ್ಕನಿಯಲ್ಲಿ ಕೂತು ಗಾಡಿ ಎಣಿಸಿದ್ದರು. ಐದು. ಹೊಟ್ಟೆ ತುಂಬ ತುಂಬಿದ್ದವೆಂದೇ ಇಟ್ಟುಕೊಂಡರೂ 80 ಟನ್; ದಪ್ಪ ಒಂದೂವರೆ ಇಂಚಿಗೂ ಕಡಿಮೆ. ಅದನ್ನು ಅವರು ಮುಂದಿನ ಸಭೆಯಲ್ಲಿ ಹೇಳಿದಾಗ ಖಜಾಂಚಿಯವರು, "ಈಗ ಹೇಳಿದ್ರೆ ಏನ್ ಬಂತು ಮೇಡಂ, ಆಗ್ಲೇ ಹೇಳ್ಬೇಕಿತ್ತು" ಎಂದರಂತೆ.

ಮನೆಯ ದುಡ್ಡಿಗೇ ಈ ಗತಿ. ಊರಿನ ದುಡ್ಡಿಗೆ ಯಾವ ಬಾಲ್ಕನಿ?

ಊರಿನ ದುಡ್ಡಿಗೆ ಇರುವುದು ಎಂ.ಬಿ. ಮೆಷರ್‌ಮೆಂಟ್ ಬುಕ್ ಎಂಬ ಈ ಪುಸ್ತಕದ ಪುಟಗಳಿಗೆ ಮೊದಲೇ ನಂಬರು ಬಿದ್ದಿರುತ್ತದೆ, ಹರಿಯುವಂತಿಲ್ಲ, ತಿದ್ದಿದರೆ ಸಹಿ ಹಾಕಬೇಕು. ಜೂನಿಯರ್ ಇಂಜಿನಿಯರ್ ಅಳೆದು ಬರೆಯುತ್ತಾರೆ, ಮೇಲಿನವರು ಮರುಪರಿಶೀಲಿಸಿ ಸಹಿ ಮಾಡುತ್ತಾರೆ, ಬಿಲ್ಲು ಹೊರಡುತ್ತದೆ. ಕನ್ನಡದಲ್ಲಿ ಇಷ್ಟು ಸುಂದರವಾದ ರಸ್ತೆಗಳಿರುವ ಪುಸ್ತಕ ಇನ್ನೊಂದಿಲ್ಲ. ಎಂ.ಬಿ.ಯೊಳಗಿನ ರಸ್ತೆಯಲ್ಲಿ ಗುಂಡಿ ಬೀಳುವುದಿಲ್ಲ, ನೀರು ನಿಲ್ಲುವುದಿಲ್ಲ, ದಪ್ಪ ಉದ್ದಕ್ಕೂ 40.0, ಒಂದು ಕಡೆ 39.8 ಎಂದೂ ಇರುವುದಿಲ್ಲ. ದೇವರು ಮಾಡಿದ ಜಗತ್ತಿನಲ್ಲೇ ಇಲ್ಲದ ಕರಾರುವಾಕ್ಕು ನಮ್ಮ ಉಪವಿಭಾಗದ ಕಚೇರಿಯಲ್ಲಿದೆ. ಜೂನಿಯರ್ ಇಂಜಿನಿಯರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ರಾತ್ರಿ ಒಂದೇ ಹೊತ್ತಿಗೆ ಮೂರು ಕಡೆ ಡಾಂಬರು ಬೀಳುತ್ತಿರುವಾಗ ಅವರು ಒಂದು ಕಡೆ ಇರುತ್ತಾರೆ, ವರ್ಗಾವಣೆಯ ಪತ್ರ ಮೂರೂ ಕಡೆ ಇರುತ್ತದೆ.

ಎಸ್ಟಿಮೇಟಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಐಟಂ 'ಪ್ರೊಫೈಲ್ ಕರೆಕ್ಷನ್'. ಹಳೆಯ ರಸ್ತೆ ಎಲ್ಲೋ ತಗ್ಗಿರುತ್ತದೆ, ಎಲ್ಲೋ ಉಬ್ಬಿರುತ್ತದೆ. ಹೊಸ ಪದರ ಹಾಕುವ ಮೊದಲು ತಗ್ಗು ತುಂಬಿ ಸಮ ಮಾಡಬೇಕು. ಅದಕ್ಕೆ ಲೆವೆಲ್ ಯಂತ್ರವಿಟ್ಟು, ಅಡ್ಡಡ್ಡ ಕೊಯ್ದ ಹಾಗೆ ಮಟ್ಟ ತೆಗೆದು, ತಗ್ಗಿನ ಗಾತ್ರ ಕಟ್ಟಬೇಕು. ಬಹಳ ನ್ಯಾಯವಾದ ಐಟಂ. ಆದರೆ ತಗ್ಗಿಗೆ ಎಷ್ಟು ಹಿಡಿಯಿತು ಎಂಬುದು ಅದರ ಮೇಲೆ ಬಿ.ಸಿ. ಬಿದ್ದ ಮರುಗಳಿಗೆಯಿಂದ ಯಾರಿಗೂ ಕಾಣುವುದಿಲ್ಲ. ಹೂತ ಮೇಲೆ ಹೆಣದ ತೂಕ ಕೇಳುವುದು ನಮ್ಮ ಸಂಸ್ಕೃತಿಯಲ್ಲೂ ಇಲ್ಲ. ಹಾಗಾಗಿ ಕೆಲವು ಎಸ್ಟಿಮೇಟುಗಳನ್ನು ಓದಿದರೆ ನಮ್ಮ ಹಳೆಯ ರಸ್ತೆಗಳ ಕೆಳಗೆ ಕೆರೆಗಳೇ ಇದ್ದವು ಎನಿಸುತ್ತದೆ. ಬೆಂಗಳೂರಿನ ಮಟ್ಟಿಗೆ ಅದು ನಿಜವೂ ಹೌದು, ಬಿಡಿ.

ಟ್ಯಾಕ್ ಕೋಟಿನದು ಸಣ್ಣ ಕತೆ. ಹಳೆಯ ಡಾಂಬರಿಗೂ ಹೊಸದಕ್ಕೂ ನಡುವೆ ಅಂಟಿಗಾಗಿ ಚದರ ಮೀಟರಿಗೆ 200ರಿಂದ 300 ಗ್ರಾಂ ಬಿಟುಮೆನ್ ಎಮಲ್ಷನ್ ಸಿಂಪಡಿಸಬೇಕು. ಕಿಲೋಮೀಟರಿಗೆ ಒಂದೂವರೆ ಎರಡು ಸಾವಿರ ಕೆ.ಜಿ. ಅಷ್ಟೇ. ಅದನ್ನು ತೂತು ಡಬ್ಬದಲ್ಲಿ ತೀರ್ಥದ ಹಾಗೆ ಪ್ರೋಕ್ಷಿಸಿ ಮುಂದೆ ಹೋದರೆ, ಜೂನ್ ತಿಂಗಳಲ್ಲಿ ಹೊಸ ಪದರ ಕಾವಲಿಯಿಂದ ದೋಸೆ ಎದ್ದಂತೆ ಅಂಚು ಬಿಟ್ಟು ಮೇಲೇಳುತ್ತದೆ. ಕೈಯಲ್ಲಿ ಕಿತ್ತು ತೋರಿಸುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ.

ಬಿಟುಮೆನ್‌ನಲ್ಲಿ ಮಾತ್ರ ಕೈ ಹಾಕಿದರೆ ದುಡ್ಡು ದೊಡ್ಡದು. ಟನ್ನಿಗೆ ಅರ್ಧ ಲಕ್ಷ ಎಂದೇ ಇಟ್ಟುಕೊಳ್ಳಿ. ಎಣ್ಣೆ ಕಂಪನಿಗಳು ಹದಿನೈದು ದಿನಕ್ಕೊಮ್ಮೆ ದರ ಬದಲಿಸುತ್ತವೆ. 5.4 ಇರಬೇಕಾದದ್ದು 4.4 ಆದರೆ ನಮ್ಮ ಒಂದು ಕಿಲೋಮೀಟರಿನಲ್ಲಿ ಆರೂವರೆ ಟನ್, ಮೂರು ಲಕ್ಷಕ್ಕೂ ಮಿಗಿಲು. ಕಪ್ಪು ಬಣ್ಣಕ್ಕೆ ಶೇಕಡಾವಾರು ಕಾಣುವುದಿಲ್ಲ. ಮಾದರಿ ತೆಗೆದು, ದ್ರಾವಕದಲ್ಲಿ ತೊಳೆದು, ಕಲ್ಲನ್ನು ಒಣಗಿಸಿ ತೂಗಿದರೆ ಗೊತ್ತಾಗುತ್ತದೆ. ಮಾದರಿ ತೆಗೆಯುವುದು ಯಾವ ಟಿಪ್ಪರಿನಿಂದ ಎಂಬುದು ಟಿಪ್ಪರಿಗೂ ಮೊದಲೇ ಗೊತ್ತಿರುತ್ತದೆ. ಬಿಸಿಯ ವಿಷಯವೂ ಹಾಗೇ: ವಿ.ಜಿ. 30 ದರ್ಜೆಯ ಬಿಟುಮೆನ್ನಿನ ಮಿಶ್ರಣ ಹರಡುವಾಗ ಕನಿಷ್ಠ 140 ಡಿಗ್ರಿ ಇರಬೇಕು, 90ಕ್ಕೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಪ್ಲಾಂಟು ಊರಾಚೆ, ರಸ್ತೆ ಊರೊಳಗೆ, ನಡುವೆ ಸಿಲ್ಕ್ ಬೋರ್ಡಿನ ಟ್ರಾಫಿಕ್ ಜಾಮ್. ಟಾರ್ಪಾಲಿನ್ ಹೊದ್ದು ಹೊರಟ ಮಿಶ್ರಣ ಬಂದು ಇಳಿಯುವಾಗ ಉಂಡೆಯಾಗಿರುತ್ತದೆ. ಉಂಡೆಗೂ ತೂಕ ಅಷ್ಟೇ, ಬಿಲ್ಲಿಗೆ ತೊಂದರೆಯಿಲ್ಲ.

ರಸ್ತೆಯ ಲೆಕ್ಕ ಕಿಲೋಮೀಟರಿನಲ್ಲಾದರೂ ಇದೆ. ಗುಂಡಿಯ ಲೆಕ್ಕ ಬರೀ ಸಂಖ್ಯೆಯಲ್ಲಿ. ಇಷ್ಟು ಸಾವಿರ ಗುಂಡಿ ಮುಚ್ಚಿದ್ದೇವೆ, ಇನ್ನಿಷ್ಟು ಬಾಕಿ ಎಂದು ಗಡುವಿನ ಮೇಲೆ ಗಡುವು, ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಪ್ರಮಾಣಪತ್ರ. ಒಂದು ಮೀಟರ್ ಉದ್ದಗಲ, 75 ಮಿ.ಮೀ. ಆಳದ ಗುಂಡಿಗೆ 176 ಕೆ.ಜಿ. ಮಿಶ್ರಣ ಬೇಕು, ಒಂದು ಟಿಪ್ಪರಿಗೆ ತೊಂಬತ್ತು ಗುಂಡಿ. ಹಾಗಾದರೆ ಹತ್ತು ಸಾವಿರ ಗುಂಡಿ ಮುಚ್ಚಿದವರು ನೂರಹತ್ತು ಟಿಪ್ಪರಿನ ಚೀಟಿ ತೋರಿಸಬಹುದಲ್ಲ ಎಂದು ಕೇಳಿ ನೋಡಿ. ಗುಂಡಿಯ ಸರಾಸರಿ ಗಾತ್ರ ಇನ್ನೂ ನಿಗದಿಯಾಗಿಲ್ಲ ಎನ್ನುತ್ತಾರೆ. ಕಲಾವಿದ ಬಾದಲ್ ನಂಜುಂಡಸ್ವಾಮಿ ಇದಕ್ಕೊಂದು ಮಾನಕ ಕೊಟ್ಟಿದ್ದರು. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯೊಂದರಲ್ಲಿ ಮೊಸಳೆಯನ್ನೇ ಮಲಗಿಸಿದರು, 2019ರಲ್ಲಿ ಹೇರೋಹಳ್ಳಿಯ ರಸ್ತೆಯಲ್ಲಿ, ಚಂದ್ರನ ಮೇಲೆಂಬಂತೆ, ಗಗನಯಾತ್ರಿಯನ್ನು ನಡೆಸಿದರು. ಎರಡು ಸಲವೂ ಅಧಿಕಾರಿಗಳು ಲಗುಬಗೆಯಿಂದ ಓಡಿಬಂದರು. ಮೊಸಳೆಗೂ ಚಂದ್ರನಿಗೂ ಸಿಗುವ ಡಾಂಬರು ಸ್ಕೂಟರಿನವನಿಗೆ ಸಿಗಬೇಕಾದರೆ ಅವನು ಏನಾಗಿ ಹುಟ್ಟಬೇಕೋ ತಿಳಿಯದು.

ಕೊನೆಗೆ, ಇಷ್ಟೆಲ್ಲವನ್ನೂ ಪತ್ತೆಹಚ್ಚಲು ಇಲಾಖೆಯ ಬಳಿ ಒಂದು ಒಳ್ಳೆಯ ಯಂತ್ರವಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯ. ಕೋರ್ ಕಟ್ಟರ್. ಹಾಕಿ ಮುಗಿಸಿದ ರಸ್ತೆಯಿಂದ ದುಂಡಗೆ ಒಂದು ಬಿಲ್ಲೆ ಕೊರೆದು ತೆಗೆಯುತ್ತದೆ. ಸ್ಕೇಲ್ ಹಿಡಿದರೆ ದಪ್ಪ, ತಕ್ಕಡಿಗೆ ಹಾಕಿದರೆ ಸಾಂದ್ರತೆ, ಎಲ್ಲ ಬಯಲು. ನಮ್ಮ ಪಕ್ಕದ ರಸ್ತೆಗೂ ಬಂದಿತ್ತು. ಎಲ್ಲಿ ಕೊರೆಯಬೇಕೆಂದು ಗುತ್ತಿಗೆದಾರನ ಕಡೆಯವನೇ ಸುಣ್ಣದಲ್ಲಿ ಗುರುತು ಹಾಕಿಕೊಟ್ಟ, ಆತಿಥ್ಯ ಅಂದರೆ ಹಾಗಿರಬೇಕು. ಬಿಲ್ಲೆ 41 ಮಿ.ಮೀ. ಬಂತು, ಒಂದು ಮಿಲಿಮೀಟರ್ ಲಾಭವೇ! ಫೋಟೋ ತೆಗೆದುಕೊಂಡು ಹೋದರು. 150 ಮಿ.ಮೀ. ಅಗಲದ ತೂತು ಅಲ್ಲೇ ಉಳಿಯಿತು. ಮುಚ್ಚಲು ಒಂದೂ ಮುಕ್ಕಾಲು ಕೆ.ಜಿ. ಮಿಶ್ರಣ ಸಾಕು. ವಾರ್ಡ್ ಕಚೇರಿಯಲ್ಲಿ ಕೇಳಿದರೆ, "ಅಷ್ಟು ಸಣ್ಣದಕ್ಕೆ ಎಸ್ಟಿಮೇಟ್ ಹಾಕೋಕಾಗಲ್ಲ ಸಾರ್, ಮಿನಿಮಮ್ ಒಂದು ಟಿಪ್ಪರ್ ಆಗ್ಬೇಕು. ಇನ್ನೊಂದು ಮಳೆಗಾಲ ಹೋಗ್ಲಿ, ತಾನಾಗೇ ಆಗುತ್ತೆ" ಎಂದರು.